ಟಿಕೆಟ್ ಒಳಗೆ ಬರುವ ದಾರಿ, ಹೊರಗೆ ಹೋಗುವ ದಾರಿ: ಸಪೋರ್ಟ್ ಸಾಫ್ಟ್‌ವೇರ್‌ನಲ್ಲಿ ವ್ಯೂ ಕಟ್ಟುವುದು, ತಿದ್ದುವುದು

ಕಸ್ಟಮರ್ ಸಪೋರ್ಟ್ ಸಾಫ್ಟ್‌ವೇರ್‌ನಲ್ಲಿ ಅದೇ ಹುಡುಕಾಟವನ್ನು ದಿನಾ ಹೊಸದಾಗಿ ಮಾಡಬೇಕಿಲ್ಲ. ಒಮ್ಮೆ ಷರತ್ತುಗಳನ್ನು ಹಾಕಿ, ಹೆಸರು ಕೊಟ್ಟು ಸೇವ್ ಮಾಡಿಟ್ಟರೆ ಬೇಕೆಂದಾಗ ಒಂದು ಕ್ಲಿಕ್‌ನಲ್ಲಿ ಪಟ್ಟಿ ಎದುರಿಗೆ ಬರುತ್ತದೆ. ಝೆನ್‌ಡೆಸ್ಕ್, ಫ್ರೆಶ್‌ಡೆಸ್ಕ್‌ಗಳಲ್ಲಿ ಇದನ್ನು ವ್ಯೂ ಎನ್ನುತ್ತಾರೆ. ಜಿರಾ ಸರ್ವಿಸ್ ಮ್ಯಾನೇಜ್‌ಮೆಂಟ್‌ನಲ್ಲಿ ಕ್ಯೂ. ಕಟ್ಟಲು ಐದು ನಿಮಿಷ ಸಾಕು. ತಪ್ಪಾಗಿ ಕಟ್ಟಿದ್ದೇವೆ ಎಂದು ತಿಳಿಯಲು ಮಾತ್ರ ತಿಂಗಳೇ ಹಿಡಿಯಬಹುದು. ಏಕೆಂದರೆ ವ್ಯೂ ತಪ್ಪಿದ್ದರೆ ಕೆಂಪಕ್ಷರದ ಎರರ್ ಬರುವುದಿಲ್ಲ, ಬರಬೇಕಿದ್ದ ಟಿಕೆಟ್, ಅಂದರೆ ಕಸ್ಟಮರ್ ಕಳಿಸಿದ ದೂರು ಅಥವಾ ಕೋರಿಕೆ, ಬರುವುದಿಲ್ಲ, ಅಷ್ಟೇ. ಕಣ್ಣಿಗೆ ಬೀಳದ ಟಿಕೆಟ್‌ನ ಚಿಂತೆ ಆಫೀಸಿನಲ್ಲಿ ಯಾರಿಗೂ ಇರುವುದಿಲ್ಲ. ಅದನ್ನು ಕಳಿಸಿದ ಕಸ್ಟಮರ್‌ಗೆ ಮಾತ್ರ ಇರುತ್ತದೆ.

ಉದಾಹರಣೆಗೆ ಒಂದು ತಂಡವನ್ನು ಇಟ್ಟುಕೊಳ್ಳೋಣ. ಬೆಂಗಳೂರಿನಲ್ಲಿ ಬೆಳಗಿನ ಹಾಲು, ಮೊಸರು, ಸೊಪ್ಪನ್ನು ಮನೆ ಬಾಗಿಲಿಗೆ ತಲುಪಿಸುವ ಕಂಪನಿ, ಎಚ್‌ಎಸ್‌ಆರ್ ಲೇಔಟ್‌ನಲ್ಲಿ ಆಫೀಸು, ಮೂರು ಶಿಫ್ಟ್‌ಗಳಲ್ಲಿ 14 ಏಜೆಂಟರು. ಆರೂವರೆಯಿಂದ ಒಂಬತ್ತರವರೆಗೆ ‘ಹಾಲು ಬಂದಿಲ್ಲ’ಗಳ ಸುರಿಮಳೆ. ಹಣ ವಾಪಸ್ ಕೇಳುವವರು, ವಿಳಾಸ ಬದಲಿಸುವವರು ದಿನವಿಡೀ.

ಮೊದಲು ಕಾಗದದ ಮೇಲೆ ಒಂದು ವಾಕ್ಯ

ಫಿಲ್ಟರ್ ತೆರೆಯುವ ಮೊದಲು ಈ ವ್ಯೂ ಏನು ಕೇಳುತ್ತಿದೆ ಎಂಬುದನ್ನು ಒಂದು ಪೂರ್ತಿ ವಾಕ್ಯದಲ್ಲಿ ಬರೆಯಿರಿ: ‘ಇವತ್ತು ಬೆಳಿಗ್ಗೆ ಹಾಲು ಬಂದಿಲ್ಲ ಎಂದು ದೂರಿದ, ನಾವು ಇನ್ನೂ ಉತ್ತರ ಕೊಡದ ಟಿಕೆಟ್‌ಗಳು, ನೋಡಬೇಕಾದವರು ಬೆಳಗಿನ ಶಿಫ್ಟಿನವರು, ಉತ್ತರ ಹೋದ ಕೂಡಲೇ ಪಟ್ಟಿಯಿಂದ ಹೋಗಬೇಕು.’

ಬಹಳಷ್ಟು ವ್ಯೂಗಳಲ್ಲಿ ಇಲ್ಲದಿರುವುದು ಈ ಕೊನೆಯ ಭಾಗ. ಟಿಕೆಟ್ ಯಾಕೆ ಒಳಗೆ ಬರುತ್ತದೆ ಎಂದು ಎಲ್ಲರೂ ಯೋಚಿಸುತ್ತಾರೆ, ಯಾವಾಗ ಹೊರಗೆ ಹೋಗುತ್ತದೆ ಎಂದು ಯೋಚಿಸುವವರು ಕಡಿಮೆ. ‘ಹಾಲು_ಬಂದಿಲ್ಲ’ ಎಂಬ ಟ್ಯಾಗ್ (ಟಿಕೆಟ್‌ಗೆ ಅಂಟಿಸುವ ಗುರುತುಚೀಟಿ) ಇರುವುದೆಲ್ಲ ಬರಲಿ ಎಂದಷ್ಟೇ ಹಾಕಿದರೆ ಮುಗಿದ ಟಿಕೆಟ್‌ಗಳೂ ಅಲ್ಲೇ ಉಳಿಯುತ್ತವೆ, ಟ್ಯಾಗ್ ತಾನಾಗಿ ಅಳಿಯುವುದಿಲ್ಲವಲ್ಲ. ವಾರ ಕಳೆಯುವಷ್ಟರಲ್ಲಿ ಪಟ್ಟಿಯಲ್ಲಿ ಮುನ್ನೂರು ಸಾಲು. ಸೊನ್ನೆಗೆ ಇಳಿಯಲಾಗದ ಪಟ್ಟಿಯನ್ನು ಏಜೆಂಟರು ನೋಡುವುದನ್ನೇ ಬಿಡುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ.

ವಾಕ್ಯ ಸಿಕ್ಕಿದ ಮೇಲೆ ಅದರ ಪ್ರತಿ ತುಂಡಿಗೂ ಸಾಫ್ಟ್‌ವೇರ್‌ನಲ್ಲಿ ಒಂದು ಫೀಲ್ಡ್ (ಮಾಹಿತಿ ತುಂಬುವ ಜಾಗ) ಇದೆಯೇ ನೋಡಿ. ‘ಉತ್ತರ ಕೊಡದ’ ಎಂಬುದಕ್ಕೆ ಹೆಚ್ಚಿನವರು ‘ನ್ಯೂ’ ಸ್ಟೇಟಸ್ ಹಾಕಿಬಿಡುತ್ತಾರೆ. ಝೆನ್‌ಡೆಸ್ಕ್‌ನಲ್ಲಿ ಏಜೆಂಟ್ ಹೆಸರಿಗೆ ಟಿಕೆಟ್ ಅಸೈನ್ ಆದೊಡನೆ ಅದು ‘ಓಪನ್’ ಆಗುತ್ತದೆ, ಮತ್ತೆ ‘ನ್ಯೂ’ ಆಗುವುದಿಲ್ಲ. ಯಾರೋ ಟಿಕೆಟ್ ಎತ್ತಿಕೊಂಡು, ಉತ್ತರ ಬರೆಯದೆ ತಿಂಡಿಗೆ ಎದ್ದುಹೋದರೆ ವ್ಯೂನಿಂದ ಅದು ಮಾಯ. ಸರಿಯಾದ ಪರಿಹಾರ ಹೀಗೆ: ಏಜೆಂಟ್ ಕಸ್ಟಮರ್‌ಗೆ ಕಾಣುವ ಉತ್ತರ ಕಳಿಸಿದಾಗ ‘ಉತ್ತರ_ಹೋಗಿದೆ’ ಎಂಬ ಟ್ಯಾಗ್ ಸೇರಿಸುವ ಟ್ರಿಗರ್ (ಷರತ್ತು ಹೊಂದಿದಾಗ ತಾನಾಗಿ ಓಡುವ ನಿಯಮ) ಬರೆದು, ವ್ಯೂನಲ್ಲಿ ‘ಈ ಟ್ಯಾಗ್ ಇಲ್ಲದವು’ ಎಂಬ ಷರತ್ತು ಹಾಕುವುದು. ಟ್ಯಾಗ್ ಹೆಸರಿನಲ್ಲಿ ಖಾಲಿ ಜಾಗ ಬೇಡ. ಜಾಗ ಬಿಟ್ಟರೆ ಎರಡು ಟ್ಯಾಗ್ ಆಗುತ್ತವೆ. ಕೆಳಗೆರೆ (_) ಹಾಕಿ. ಇಲ್ಲಿ ಟ್ಯಾಗ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇವೆ. ನಿಮ್ಮಲ್ಲಿ ಇಂಗ್ಲಿಷ್ ಅಕ್ಷರದಲ್ಲಿದ್ದರೆ ಎಲ್ಲವೂ ಹಾಗೇ ಇರಲಿ, ಅರ್ಧ ಇದು ಅರ್ಧ ಅದು ಬೇಡ.

ಕಟ್ಟುವ ಕ್ರಮ

ಝೆನ್‌ಡೆಸ್ಕ್‌ನಲ್ಲಿ ದಾರಿ: ಅಡ್ಮಿನ್ ಸೆಂಟರ್, ವರ್ಕ್‌ಸ್ಪೇಸಸ್, ಏಜೆಂಟ್ ಟೂಲ್ಸ್, ವ್ಯೂಸ್.

1. ಹೊಸ ವ್ಯೂ ತೆರೆದು ಹೆಸರು ಕೊಡಿ. ‘ಹೊಸ ವ್ಯೂ 2’, ‘ಟೆಸ್ಟ್ ಫೈನಲ್’ ಎಂಬ ಹೆಸರುಗಳು ಬೋರ್ಡ್ ಇಲ್ಲದ ಬಿಎಂಟಿಸಿ ಬಸ್ಸಿನಂತೆ, ಯಾರೂ ಹತ್ತುವುದಿಲ್ಲ. ಯಾರ ಕೆಲಸ, ಏನು ಕೆಲಸ ಎಂಬುದು ಹೆಸರಿನಲ್ಲೇ ಇರಲಿ: ‘ಬೆಳಗಿನ ಶಿಫ್ಟ್: ಹಾಲು ಬಂದಿಲ್ಲ, ಉತ್ತರ ಬಾಕಿ’. ವಿವರಣೆಯ ಜಾಗದಲ್ಲಿ ಮೊದಲು ಬರೆದ ವಾಕ್ಯವನ್ನು ಹಾಗೇ ಅಂಟಿಸಿ, ಕಟ್ಟಿದ ತಾರೀಖು ಸೇರಿಸಿ.

2. ‘ಎಲ್ಲವೂ ಹೊಂದಬೇಕು’ ಎಂಬ ಭಾಗದಲ್ಲಿ ಮೊದಲ ಷರತ್ತು: ಸ್ಟೇಟಸ್ ‘ಸಾಲ್ವ್ಡ್’ಗಿಂತ ಕಡಿಮೆ. ಇಲ್ಲಿ ಸ್ಟೇಟಸ್‌ಗಳಿಗೆ ಒಂದು ಕ್ರಮವಿದೆ: ನ್ಯೂ, ಓಪನ್, ಪೆಂಡಿಂಗ್, ಆನ್-ಹೋಲ್ಡ್, ಸಾಲ್ವ್ಡ್, ಕ್ಲೋಸ್ಡ್. ‘ಕಡಿಮೆ’ ಎಂದರೆ ಈ ಸಾಲಿನಲ್ಲಿ ಅದರ ಹಿಂದಿರುವ ನಾಲ್ಕೂ. ಸ್ಟೇಟಸ್, ಟೈಪ್, ಗ್ರೂಪ್, ಅಸೈನೀ (ಟಿಕೆಟ್ ಯಾರ ಹೆಸರಿನಲ್ಲಿದೆಯೋ ಅವರು), ರಿಕ್ವೆಸ್ಟರ್ (ಟಿಕೆಟ್ ಕಳಿಸಿದವರು), ಈ ಐದರಲ್ಲಿ ಒಂದಾದರೂ ಈ ಭಾಗದಲ್ಲಿ ಇಲ್ಲದಿದ್ದರೆ ವ್ಯೂ ಸೇವ್ ಆಗುವುದಿಲ್ಲ.

3. ಟ್ಯಾಗ್ ಷರತ್ತುಗಳು: ‘ಹಾಲು_ಬಂದಿಲ್ಲ’ ಇರಬೇಕು, ‘ಉತ್ತರ_ಹೋಗಿದೆ’ ಇರಬಾರದು.

4. ಪ್ರಿವ್ಯೂ ಒತ್ತಿ. ಪ್ರತಿ ಷರತ್ತು ಸೇರಿಸಿದ ಮೇಲೂ ಒತ್ತಿ, ಎಲ್ಲ ಸೇರಿಸಿ ಕೊನೆಗೆ ಒಮ್ಮೆ ಅಲ್ಲ. ಯಾವ ಷರತ್ತಿನಿಂದ ಪಟ್ಟಿ ಖಾಲಿಯಾಯಿತು ಎಂದು ಆಗಷ್ಟೇ ತಿಳಿಯುತ್ತದೆ.

5. ಕಾಲಂಗಳು ಹತ್ತರವರೆಗೆ ಹಾಕಬಹುದು, ಐದಾರು ಸಾಕು. ಟಿಕೆಟ್ ವಿಷಯ, ಕಸ್ಟಮರ್ ಹೆಸರು, ಬಡಾವಣೆ, ಬಂದ ಸಮಯ, ಯಾರ ಹೆಸರಿನಲ್ಲಿದೆ. ಒಳಗೆ ಹೋಗದೆಯೇ ಯಾವುದನ್ನು ಮೊದಲು ಎತ್ತಬೇಕು ಎಂದು ತಿಳಿಯುವಂತಿದ್ದರೆ ಆಯಿತು.

6. ಜೋಡಣೆ: ಬಂದ ಸಮಯ, ಹಳೆಯದು ಮೇಲೆ. ಹೊಸದು ಮೇಲಿದ್ದರೆ ಒಂಬತ್ತು ಗಂಟೆಗೆ ಬಂದವರಿಗೆ ಒಂಬತ್ತೂ ಐದಕ್ಕೆ ಉತ್ತರ, ಆರೂವರೆಗೆ ಬಂದವರಿಗೆ ಮಧ್ಯಾಹ್ನ. ಒಂದು ಪುಟದಲ್ಲಿ 30 ಟಿಕೆಟ್ ಕಾಣುತ್ತವೆ, ಎರಡನೇ ಪುಟಕ್ಕೆ ಹೋಗುವವರು ಅಪರೂಪ.

7. ಯಾರಿಗೆ ಕಾಣಬೇಕು: ನಿಮಗಷ್ಟೇ, ಒಂದು ಗ್ರೂಪಿಗೆ, ಇಲ್ಲ ಎಲ್ಲರಿಗೂ. ಗ್ರೂಪಿಗೆ ಕೊಡುವುದೇ ಒಳ್ಳೆಯದು. ಎಲ್ಲರಿಗೂ ಕೊಟ್ಟ ನಲವತ್ತು ವ್ಯೂಗಳ ನಡುವೆ ತನ್ನದನ್ನು ಹುಡುಕುವುದೇ ಇನ್ನೊಂದು ಕೆಲಸವಾಗುತ್ತದೆ.

ಫ್ರೆಶ್‌ಡೆಸ್ಕ್‌ನಲ್ಲಿ ದಾರಿ ಬೇರೆ. ಟಿಕೆಟ್ ಪಟ್ಟಿಯ ಬಲಗಡೆ ಫಿಲ್ಟರ್ ಇರುತ್ತದೆ. ಅಲ್ಲಿ ಆಯ್ದು ಅಪ್ಲೈ ಮಾಡಿ, ಪಟ್ಟಿ ಸರಿ ಎನಿಸಿದ ಮೇಲೆ ಹೊಸ ವ್ಯೂ ಆಗಿ ಉಳಿಸಿ. ಒಂದೇ ಫೀಲ್ಡ್‌ನಲ್ಲಿ ಎರಡು ಆಯ್ಕೆ ಕೊಟ್ಟರೆ ‘ಅಥವಾ’, ಬೇರೆ ಬೇರೆ ಫೀಲ್ಡ್‌ಗಳ ನಡುವೆ ‘ಮತ್ತು’. ಈಗಾಗಲೇ ಎಲ್ಲರೂ ಬಳಸುತ್ತಿರುವ ವ್ಯೂ ತೆರೆದು ಫಿಲ್ಟರ್ ಬದಲಿಸಿದಾಗ ‘ಸೇವ್’ ಯಾವುದು, ‘ಸೇವ್ ಆ್ಯಸ್’ ಯಾವುದು ಎಂದು ನೋಡಿ ಒತ್ತಿ. ಮೊದಲನೆಯದು ಎಲ್ಲರ ಪಟ್ಟಿಯನ್ನೂ ಬದಲಿಸುತ್ತದೆ.

‘ವೈಟ್‌ಫೀಲ್ಡ್‌ದೂ ಮಾರತಹಳ್ಳಿದೂ ಕೊಡು’

ಹೆಚ್ಚು ಜನ ಎಡವುವುದು ಇಲ್ಲೇ, ಕನ್ನಡ ಮಾತನಾಡುವವರು ಇನ್ನೂ ಒಂದು ಕೈ ಹೆಚ್ಚು. ‘ವೈಟ್‌ಫೀಲ್ಡ್‌ದೂ ಮಾರತಹಳ್ಳಿದೂ ಕೊಡು’ ಎನ್ನುವಾಗ ಆ ‘ಊ’ಗಳ ಅರ್ಥ ‘ಮತ್ತು’. ಹಾಗೆಂದು ಎರಡನ್ನೂ ‘ಎಲ್ಲವೂ ಹೊಂದಬೇಕು’ ಭಾಗಕ್ಕೆ ಹಾಕಿದರೆ ಸಾಫ್ಟ್‌ವೇರ್ ಹುಡುಕುವುದು ಒಂದೇ ಹೊತ್ತಿಗೆ ವೈಟ್‌ಫೀಲ್ಡ್‌ನಲ್ಲೂ ಮಾರತಹಳ್ಳಿಯಲ್ಲೂ ಇರುವ ಮನೆಯನ್ನು. ಉತ್ತರ ಸೊನ್ನೆ. ಬಾಯಲ್ಲಿ ‘ಊ’ ಬಂದಾಗಲೆಲ್ಲ ನಿಲ್ಲಿ: ಒಂದೇ ಟಿಕೆಟ್‌ಗೆ ಈ ಎರಡೂ ಒಟ್ಟಿಗೆ ಇರಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಅದು ‘ಅಥವಾ’, ಹೋಗಬೇಕಾದ್ದು ‘ಯಾವುದಾದರೂ ಒಂದು’ ಭಾಗಕ್ಕೆ.

ಆ ಭಾಗಕ್ಕೂ ಒಂದು ಮಿತಿಯಿದೆ. ‘ವೈಟ್‌ಫೀಲ್ಡ್ ಅಥವಾ ಮಾರತಹಳ್ಳಿ’ ಒಂದು ಗುಂಪು, ‘ಹಾಲು ಬಂದಿಲ್ಲ ಅಥವಾ ಹಾಲು ಒಡೆದಿದೆ’ ಇನ್ನೊಂದು ಗುಂಪು ಎಂದುಕೊಳ್ಳಿ. ಝೆನ್‌ಡೆಸ್ಕ್ ವ್ಯೂನಲ್ಲಿ ‘ಯಾವುದಾದರೂ ಒಂದು’ ಇರುವುದು ಒಂದೇ ಪೆಟ್ಟಿಗೆ. ನಾಲ್ಕನ್ನೂ ಅದರಲ್ಲೇ ತುಂಬಿದರೆ ವೈಟ್‌ಫೀಲ್ಡ್‌ನ ಎಲ್ಲ ಟಿಕೆಟ್‌ಗಳೂ ಬರುತ್ತವೆ, ಜೊತೆಗೆ ಊರಿನ ಒಡೆದ ಹಾಲೆಲ್ಲ ಬರುತ್ತದೆ. ದಾರಿ ಇದು: ಟ್ಯಾಗ್ ಷರತ್ತಿನಲ್ಲಿ ‘ಇವುಗಳಲ್ಲಿ ಒಂದಾದರೂ ಇರಬೇಕು’ ಎಂಬ ಆಯ್ಕೆಯಿದೆ, ಅದರೊಳಗೇ ಒಂದು ‘ಅಥವಾ’ ಅಡಗಿದೆ. ಎರಡನೇ ಗುಂಪನ್ನು ಟ್ಯಾಗ್ ಆಗಿ ಬರೆದು ‘ಎಲ್ಲವೂ’ ಭಾಗದಲ್ಲಿ ಹಾಕಿ, ಬಡಾವಣೆಗಳನ್ನು ‘ಯಾವುದಾದರೂ’ ಭಾಗದಲ್ಲಿ ಬಿಡಿ. ಡ್ರಾಪ್‌ಡೌನ್ ಫೀಲ್ಡ್‌ನ ಪ್ರತಿ ಆಯ್ಕೆಯೂ ಟಿಕೆಟ್‌ಗೆ ತನ್ನದೇ ಟ್ಯಾಗ್ ಅಂಟಿಸುವುದರಿಂದ ಹೊಸ ಟ್ಯಾಗ್ ಮಾಡುವ ಕೆಲಸವೂ ಉಳಿಯುತ್ತದೆ.

‘ಅಲ್ಲ’ ಎಂಬುದರದು ಬೇರೆ ಕಥೆ. ‘ಆದ್ಯತೆ ಲೋ ಅಲ್ಲದವು’ ಎಂದಾಗ ಆದ್ಯತೆಯನ್ನೇ ತುಂಬದ ಟಿಕೆಟ್ ಬರುತ್ತದೆಯೇ? ಜಿರಾದಲ್ಲಿ ಬರುವುದಿಲ್ಲ: ‘ಸಮವಲ್ಲ’ ಎಂಬ ಷರತ್ತು ಖಾಲಿ ಫೀಲ್ಡ್‌ಗಳನ್ನು ಬಿಟ್ಟುಬಿಡುತ್ತದೆ. ‘ಅಥವಾ ಖಾಲಿ ಇರುವುದು’ ಎಂದು ಬೇರೆಯಾಗಿ ಸೇರಿಸಿ, ಆವರಣದಲ್ಲಿ ಇಡಬೇಕು. ಆವರಣವಿಲ್ಲದಿದ್ದರೆ ಅಲ್ಲಿ ‘ಮತ್ತು’ ಮೊದಲು ಅಂಟಿಕೊಳ್ಳುತ್ತದೆ, ‘ಅಥವಾ’ ಆಮೇಲೆ. ನೀವು ಬಳಸುವ ಸಾಫ್ಟ್‌ವೇರ್ ಯಾವುದೇ ಇರಲಿ, ಆ ಫೀಲ್ಡ್ ಖಾಲಿ ಬಿಟ್ಟ ಒಂದು ಟೆಸ್ಟ್ ಟಿಕೆಟ್ ಹಾಕಿ ನೋಡುವುದು ಎರಡು ನಿಮಿಷದ ಕೆಲಸ.

ಗಡಿಯಾರ ಯಾರದು?

‘ಇವತ್ತು ಬಂದವು’ ಎಂಬ ಷರತ್ತಿನ ‘ಇವತ್ತು’ ಯಾವ ಊರಿನದು? ಅಮೆರಿಕದ ಮುಖ್ಯ ಕಚೇರಿ ಅಕೌಂಟ್ ತೆರೆದು ಪೆಸಿಫಿಕ್ ಸಮಯ ಇಟ್ಟಿದ್ದರೆ ಬೆಂಗಳೂರಿನಲ್ಲಿ ‘ಇವತ್ತು’ ಶುರುವಾಗುವುದು ಬೇಸಿಗೆ ವೇಳೆಯಲ್ಲಿ ಮಧ್ಯಾಹ್ನ 12:30ಕ್ಕೆ, ಚಳಿಗಾಲದಲ್ಲಿ 1:30ಕ್ಕೆ. ಬೆಳಗಿನ ಹಾಲಿನ ದೂರೆಲ್ಲ ‘ನಿನ್ನೆ’ ಆಗಿರುತ್ತವೆ. ಯುಟಿಸಿ (ಜಾಗತಿಕ ಪ್ರಮಾಣಿತ ಸಮಯ) ಇಟ್ಟಿದ್ದರೆ ದಿನ ತಿರುಗುವುದು ಬೆಳಿಗ್ಗೆ 5:30ಕ್ಕೆ. ಅಕೌಂಟಿನ ಸಮಯ ಬದಲಿಸುವ ಅಧಿಕಾರ ನಿಮಗಿಲ್ಲದಿದ್ದರೆ ‘ಇವತ್ತು’, ‘ನಿನ್ನೆ’ಗಳನ್ನು ಬಿಟ್ಟು ‘ಬಂದು ಇಷ್ಟು ಗಂಟೆಯಾಯಿತು’ ಎಂಬ ಷರತ್ತು ಬಳಸಿ. ಗಂಟೆಗೆ ಊರಿನ ಹಂಗಿಲ್ಲ.

ಗಂಟೆಯಲ್ಲೂ ಯಾವುದರಿಂದ ಲೆಕ್ಕ ಎಂದು ನೋಡಿ. ‘ಕೊನೆಯ ಅಪ್‌ಡೇಟ್ ಆಗಿ 24 ಗಂಟೆ’ ಎಂದು ಹಾಕಿದರೆ ಸಹೋದ್ಯೋಗಿಯೊಬ್ಬರು ಒಳಗಿನ ನೋಟ್ ಬರೆದರೂ ಗಡಿಯಾರ ಮತ್ತೆ ಸೊನ್ನೆಗೆ ಬರುತ್ತದೆ. ಮೂರು ದಿನ ಕಾದ ಕಸ್ಟಮರ್ ಪಟ್ಟಿಯಲ್ಲಿ ಹೊಸಬರಂತೆ ಕಾಣುತ್ತಾರೆ. ಝೆನ್‌ಡೆಸ್ಕ್‌ನಲ್ಲಿ ಕಸ್ಟಮರ್ ಕೊನೆಗೆ ಬರೆದದ್ದರಿಂದ ಎಣಿಸುವ ಷರತ್ತು ಬೇರೆಯೇ ಇದೆ, ಬೇಕಾದ್ದು ಬಹುತೇಕ ಅದೇ.

ಕೆಲವು ಗಂಟೆಗಳನ್ನು ಕಾನೂನೇ ನಿಗದಿ ಮಾಡಿದೆ. 2020ರ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ದೂರು ಬಂದ 48 ಗಂಟೆಯೊಳಗೆ ಕುಂದುಕೊರತೆ ಅಧಿಕಾರಿ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಇದಕ್ಕೆ ಎರಡು ವ್ಯೂ: ‘ಬಂದು 24 ಗಂಟೆ ದಾಟಿದೆ, ಸ್ವೀಕೃತಿ ಟ್ಯಾಗ್ ಇಲ್ಲ’ ಮತ್ತು ‘ಬಂದು 20 ದಿನ ದಾಟಿದೆ, ಮುಗಿದಿಲ್ಲ’. ಷರತ್ತಿನಲ್ಲಿ 48ನ್ನೇ ಹಾಕಬೇಡಿ. ಆಗ ಟಿಕೆಟ್ ಪಟ್ಟಿಗೆ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಮಧ್ಯೆ ಒಂದು ಭಾನುವಾರ ಬಂದರೂ ಉಸಿರಾಡಲು ಜಾಗ ಇರಬೇಕು.

ಯುಪಿಐ ದೂರುಗಳಿಗೂ ಹಾಗೇ. ಕಸ್ಟಮರ್ ಖಾತೆಯಿಂದ ಹಣ ಹೋಗಿ ಅಂಗಡಿಗೆ ಖಾತ್ರಿ ಬಾರದಿದ್ದರೆ, ವ್ಯವಹಾರದ ದಿನದ ನಂತರ ಐದು ದಿನದೊಳಗೆ ಅದು ತಾನಾಗಿ ವಾಪಸ್ ಹೋಗಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಎಂದು ರಿಸರ್ವ್ ಬ್ಯಾಂಕ್‌ನ 2019ರ ಸೆಪ್ಟೆಂಬರ್ ಸುತ್ತೋಲೆ ಹೇಳುತ್ತದೆ. ‘ದುಡ್ಡು ಕಟ್ ಆಯ್ತು, ಆರ್ಡರ್ ಆಗಿಲ್ಲ’ ಎಂಬ ಟಿಕೆಟ್‌ಗಳಿಗೆ ಪ್ರತ್ಯೇಕ ವ್ಯೂ ಇಟ್ಟು, ವ್ಯವಹಾರದ ತಾರೀಖನ್ನು ಒಂದು ಫೀಲ್ಡ್ ಮಾಡಿ ಅದರಿಂದ ಜೋಡಿಸಿ. ಟಿಕೆಟ್ ಬಂದ ತಾರೀಖಿನಿಂದ ಜೋಡಿಸಿದರೆ ನಾಲ್ಕು ದಿನ ಕಾದು ದೂರು ಕೊಟ್ಟವರು ಪಟ್ಟಿಯ ತಳಕ್ಕೆ ಬೀಳುತ್ತಾರೆ.

ದುಡ್ಡು, ಹಣ, ರೀಫಂಡು

ಪದ ಹುಡುಕಿ ಕಟ್ಟುವ ವ್ಯೂಗಳಲ್ಲಿ ಕನ್ನಡಕ್ಕೆ ವಿಶೇಷ ಎಚ್ಚರ ಬೇಕು. ಹಣ ವಾಪಸ್ ಬೇಕೆನ್ನುವ ಕಸ್ಟಮರ್ ‘ರೀಫಂಡ್’ ಎಂದು ಬರೆಯಬಹುದು, ‘ರಿಫಂಡ್’ ಎನ್ನಬಹುದು, ‘ದುಡ್ಡು ವಾಪಸ್ ಹಾಕಿ’ ಎನ್ನಬಹುದು, ಇದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಥರ ಬರೆಯಬಹುದು. ಮೇಲಾಗಿ ಪ್ರತ್ಯಯಗಳು: ಪೂರ್ತಿ ಪದವನ್ನೇ ಹೋಲಿಸುವ ಹುಡುಕಾಟದಲ್ಲಿ ‘ಹಣ’ ಎಂದರೆ ‘ಹಣವನ್ನು’, ‘ಹಣದ’, ‘ಹಣವೇ’ ಸಿಗುವುದಿಲ್ಲ. ಪದದ ಮೊದಲ ಭಾಗದಿಂದ ಹುಡುಕಲು ನಕ್ಷತ್ರ ಚಿಹ್ನೆ (*) ಬಳಸಲು ಬಿಡುವ ಸಾಫ್ಟ್‌ವೇರ್ ಆದರೆ ಅದನ್ನು ಬಳಸಿ, ಆದರೆ ‘ಹಣ*’ ಎಂದರೆ ‘ಹಣ್ಣು’ ಬರುತ್ತದೆ, ‘ಹಣತೆ’ಯೂ ಬರುತ್ತದೆ ಎಂಬಂಥ ಲೆಕ್ಕ ತಲೆಯಲ್ಲಿರಲಿ.

ಕಣ್ಣಿಗೆ ಕಾಣದ ತೊಂದರೆಯೂ ಇದೆ. ‘ರೀಫಂಡ್‌ಗೆ’ ಎಂದು ಬಿಡಿಸಿ ತೋರಿಸಲು ಕೀಬೋರ್ಡು ನಡುವೆ ಒಂದು ಅದೃಶ್ಯ ಅಕ್ಷರ ಸೇರಿಸುತ್ತದೆ. ಕೆಲವರ ಮೊಬೈಲ್ ಸೇರಿಸುವುದಿಲ್ಲ, ಅದು ‘ರೀಫಂಡ್ಗೆ’ ಎಂದು ಒತ್ತಾಗಿ ಬರುತ್ತದೆ. ಕಂಪ್ಯೂಟರಿಗೆ ಇವೆರಡು ಬೇರೆ ಪದಗಳು. ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಯೂನಿಕೋಡ್ ಅಲ್ಲದೆ ಟೈಪಿಸಿದ ಪತ್ರವನ್ನು ಇಮೇಲ್‌ಗೆ ಅಂಟಿಸಿ ಕಳಿಸುವವರೂ ಇದ್ದಾರೆ. ಅದು ನಿಮ್ಮಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ, ಯಾವ ಹುಡುಕಾಟಕ್ಕೂ ಸಿಗುವುದಿಲ್ಲ. ಆರ್ಡರ್ ನಂಬರನ್ನು ೧೨೩ ಎಂದು ಬರೆದವರ ಟಿಕೆಟ್ 123 ಎಂದು ಹುಡುಕಿದರೆ ಸಿಗುತ್ತದೆಂದು ನಂಬಬೇಡಿ.

ಹಾಗಾಗಿ ಪದದ ಮೇಲೆ ನೇರವಾಗಿ ವ್ಯೂ ನಿಲ್ಲಿಸಬೇಡಿ. ಝೆನ್‌ಡೆಸ್ಕ್ ವ್ಯೂಗಳಲ್ಲಿ ಟಿಕೆಟ್‌ನ ಬರಹದೊಳಗೆ ಹುಡುಕುವ ಷರತ್ತೇ ಇಲ್ಲ, ಟ್ರಿಗರ್‌ನಲ್ಲಿ ಇದೆ. ಸಿಕ್ಕ ರೂಪಗಳನ್ನೆಲ್ಲ ಟ್ರಿಗರ್‌ಗೆ ಕೊಟ್ಟು ‘ಹಣ_ವಾಪಸ್’ ಎಂಬ ಒಂದೇ ಟ್ಯಾಗ್ ಹಾಕಿಸಿ, ವ್ಯೂ ಆ ಟ್ಯಾಗನ್ನು ನೋಡಲಿ. ಹೊಸ ರೂಪ ಸಿಕ್ಕಾಗ ಟ್ರಿಗರ್ ತಿದ್ದಿದರೆ ಸಾಕು, ವ್ಯೂ ಮುಟ್ಟಬೇಕಿಲ್ಲ. ಆದರೆ ಟ್ರಿಗರ್ ಹಳೆಯ ಟಿಕೆಟ್‌ಗಳ ಮೇಲೆ ತಾನಾಗಿ ಓಡುವುದಿಲ್ಲ. ಅವನ್ನು ಹುಡುಕಿ ಒಟ್ಟಿಗೆ ಟ್ಯಾಗ್ ಹಾಕಬೇಕು.

ಊರಿನ ಹೆಸರಿಗೂ ಇದೇ ಪಾಡು. ‘ಬೆಂಗಳೂರು’ ಅಧಿಕೃತವಾದದ್ದು 2014ರ ನವೆಂಬರ್ 1ರಂದು. ‘ಬ್ಯಾಂಗಲೋರ್’ ಎಂದು ಬರೆಯುವ ಕೈಗಳು ನಿಂತಿಲ್ಲ. ನಗರದ ಹೆಸರಿನ ಬದಲು ಪಿನ್‌ಕೋಡ್ ನಂಬುವುದು ವಾಸಿ, ಅದೂ ಪೂರ್ತಿ ಅಲ್ಲ: ನಗರದ್ದು 560ರಿಂದ ಶುರು, ಆನೇಕಲ್ 562106, ಅತ್ತಿಬೆಲೆ 562107. ಅಲ್ಲಿಗೂ ಹಾಲು ಹೋಗುತ್ತಿದ್ದು ವ್ಯೂ ‘560ರಿಂದ ಶುರು’ ಎಂದಿದ್ದರೆ ಆ ಕಡೆಯ ದೂರು ಯಾರ ಪಟ್ಟಿಯಲ್ಲೂ ಇರುವುದಿಲ್ಲ.

ಯಾವ ಪಟ್ಟಿಗೂ ಸೇರದವು

ಇದಕ್ಕಾಗಿಯೇ ಒಂದು ವ್ಯೂ ಬೇಕು: ‘ಮುಗಿದಿಲ್ಲ, ಗ್ರೂಪ್ ಖಾಲಿ’ ಅಥವಾ ‘ಮುಗಿದಿಲ್ಲ, ನಮ್ಮ ವಿಷಯದ ಟ್ಯಾಗ್‌ಗಳಲ್ಲಿ ಒಂದೂ ಇಲ್ಲ’. ತಂಡದ ಲೀಡ್ ದಿನಕ್ಕೆರಡು ಬಾರಿ ನೋಡಲಿ. ಕೆಲಸದ ವ್ಯೂಗಳನ್ನು ಒಂದು ಟಿಕೆಟ್ ಒಂದೇ ಕಡೆ ಬೀಳುವಂತೆ ಕಟ್ಟಿದ್ದರೆ ಲೆಕ್ಕವೂ ತಾಳೆಯಾಗುತ್ತದೆ: ಮುಗಿಯದವು ಒಟ್ಟು 214, ನಾಲ್ಕು ವ್ಯೂಗಳ ಮೊತ್ತ 203 ಎಂದರೆ 11 ಎಲ್ಲೋ ಕೂತಿವೆ. ಎಡಬದಿಯಲ್ಲಿ ಕಾಣುವ ಎಣಿಕೆ ಆ ಕ್ಷಣದ್ದಲ್ಲ, ಸ್ವಲ್ಪ ಹಿಂದಿನದಿರಬಹುದು. ತಾಳೆ ನೋಡುವಾಗ ವ್ಯೂ ತೆರೆದು ರಿಫ್ರೆಶ್ ಮಾಡಿ.

ಪೆಂಡಿಂಗ್ ಟಿಕೆಟ್‌ಗಳೂ ಹೀಗೆ ಕಳೆದುಹೋಗುತ್ತವೆ. ಕಸ್ಟಮರ್ ಉತ್ತರಕ್ಕೆ ಕಾಯುತ್ತಿದ್ದೇವೆಂದು ಕೆಲಸದ ಪಟ್ಟಿಯಿಂದ ಅವನ್ನು ತೆಗೆಯುವುದು ಸರಿ, ಆದರೆ ‘ಪೆಂಡಿಂಗ್ ಆಗಿ 72 ಗಂಟೆ ದಾಟಿದವು’ ಎಂಬುದೊಂದು ಜೊತೆಗೆ ಇರಲಿ.

ತಿಂಗಳ ಕೊನೆಯ ಲೆಕ್ಕಕ್ಕೆ ವ್ಯೂ ಬಳಸಬೇಡಿ. ಝೆನ್‌ಡೆಸ್ಕ್‌ನಲ್ಲಿ ಕ್ಲೋಸ್ ಆದ 120 ದಿನಕ್ಕೆ ಟಿಕೆಟ್ ಆರ್ಕೈವ್‌ಗೆ ಹೋಗುತ್ತದೆ, ಆಮೇಲೆ ವ್ಯೂನಲ್ಲಿ ಕಾಣುವುದಿಲ್ಲ. ಲೆಕ್ಕಕ್ಕೆ ರಿಪೋರ್ಟ್ ಇದೆ.

ತಿದ್ದುವಾಗ

ಓಡುತ್ತಿರುವ ವ್ಯೂವನ್ನು ಅಲ್ಲೇ ತಿದ್ದಬೇಡಿ, ಬೆಳಿಗ್ಗೆ ಏಳಕ್ಕಂತೂ ಬೇಡವೇ ಬೇಡ. ಕ್ಲೋನ್ ಮಾಡಿ, ನಿಮಗಷ್ಟೇ ಕಾಣುವಂತಿಟ್ಟು, ಒಂದೇ ಒಂದು ಷರತ್ತು ಬದಲಿಸಿ. ಹಳೆಯದನ್ನೂ ಹೊಸದನ್ನೂ ಎರಡು ಟ್ಯಾಬ್‌ನಲ್ಲಿ ತೆರೆದು ಟಿಕೆಟ್ ನಂಬರ್ ಹೋಲಿಸಿ. ಎರಡರಲ್ಲೂ 48 ಇದೆ ಎಂದು ಸಮಾಧಾನಪಟ್ಟುಕೊಳ್ಳಬೇಡಿ. ಮೂರು ಹೋಗಿ ಬೇರೆ ಮೂರು ಬಂದಿದ್ದರೂ ಎಣಿಕೆ 48 ಆಗಿಯೇ ಇರುತ್ತದೆ. ಹೊಸದಾಗಿ ಬಂದ, ಬಿಟ್ಟುಹೋದ ಪ್ರತಿ ಟಿಕೆಟ್‌ಗೂ ಕಾರಣ ಹೇಳಲು ಬಂದರೆ ಮಾತ್ರ ಮುಂದಿನ ಷರತ್ತಿಗೆ ಕೈ ಹಾಕಿ.

ನಂತರ ಒಬ್ಬ ಏಜೆಂಟ್‌ರ ಕಂಪ್ಯೂಟರ್‌ನಲ್ಲಿ ಅದೇ ವ್ಯೂ ನೋಡಿ. ಅಡ್ಮಿನ್‌ಗೆ ಎಲ್ಲ ಟಿಕೆಟ್ ಕಾಣುತ್ತವೆ. ತನ್ನ ಗ್ರೂಪಿನವನ್ನಷ್ಟೇ ನೋಡಬಲ್ಲ ಏಜೆಂಟ್‌ಗೆ ಅದೇ ವ್ಯೂ ಅರ್ಧ ಖಾಲಿ. ಷರತ್ತಿನಲ್ಲಿ ಯಾರದ್ದಾದರೂ ಹೆಸರಿದ್ದರೆ ತೆಗೆದು ‘ಈಗ ಲಾಗಿನ್ ಆಗಿರುವವರು’ ಎಂಬ ಆಯ್ಕೆ ಇಡಿ. 14 ಜನಕ್ಕೆ 14 ವ್ಯೂ ಬೇಕಿಲ್ಲ, ಒಬ್ಬರು ಕೆಲಸ ಬಿಟ್ಟರೆ ಒಂದು ವ್ಯೂ ಸಾಯುವುದೂ ಇಲ್ಲ. ಡ್ರಾಪ್‌ಡೌನ್ ಆಯ್ಕೆಯ ಟ್ಯಾಗ್ ಬದಲಿಸಿದ್ದರೆ ಹಳೆಯ ಟಿಕೆಟ್‌ಗಳಲ್ಲಿ ಹಳೆಯ ಟ್ಯಾಗೇ ಉಳಿದಿರುತ್ತದೆ ಎಂಬುದೂ ನೆನಪಿರಲಿ. ಕೆಲವು ವಾರ ಎರಡನ್ನೂ ಷರತ್ತಿನಲ್ಲಿಡಿ.

ಎಲ್ಲ ಸರಿಯಾದ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ ಹೊಸದನ್ನು ಗ್ರೂಪಿಗೆ ತೆರೆದು ಹಳೆಯದನ್ನು ಡಿಆ್ಯಕ್ಟಿವೇಟ್ ಮಾಡಿ. ಅಳಿಸಬೇಡಿ. ಹಳೆಯ ಲಿಂಕನ್ನು ಬುಕ್‌ಮಾರ್ಕ್ ಮಾಡಿಕೊಂಡವರು ಮರುದಿನ ಬೆಳಿಗ್ಗೆ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ, ಹೊಸದನ್ನು ತೋರಿಸಿ. ಎರಡು ವಾರ ಯಾರೂ ಕೇಳದಿದ್ದರೆ ಆಗ ಅಳಿಸಿ.